ಬೆಚ್ಚಗಿನ ಫ್ರಿಜ್ಜು

ಆ ಬೆಳಿಗ್ಗೆ ಗಾಳಿ ಅನ್ನುವುದೇ ಇರಲಿಲ್ಲ. ತಿಂಡಿಯ ಹೊತ್ತಿಗೆಲ್ಲ ಆಕಾಶ ಬಿಳಚಿಕೊಂಡಿತ್ತು, ಬೀದಿಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಮರದ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಬೇಸಿಗೆ ಈಗಷ್ಟೇ ಕಾಲಿಟ್ಟಿದೆ, ಮುಂದಿನದನ್ನು ದೇವರೇ ಕಾಯಬೇಕು ಎಂದು ಜನ ಬೀದಿ ದಾಟುತ್ತ ಹೇಳಿಕೊಳ್ಳುತ್ತಿದ್ದರು.

ಅಂಥ ದಿನವೇ ಹುಳಿಯಕ್ಕನ ತಂಪುಕೋಣೆ ಕೆಟ್ಟು ನಿಂತಿತು.

ಹುಳಿಯಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಮನೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಅವಳು ಕೊಂಬುಚಾ ಮಾಡುತ್ತಿದ್ದಳು. ಸಿಹಿ ಚಹಾವನ್ನು ದೊಡ್ಡ ಗಾಜಿನ ಜಾಡಿಗಳಲ್ಲಿ ಹುಳಿಗಿಟ್ಟು, ಹದಕ್ಕೆ ಬಂದ ಮೇಲೆ ಶುಂಠಿ, ದಾಳಿಂಬೆ, ಅನಾನಸು ಎಂದು ಒಂದೊಂದು ರುಚಿ ಸೇರಿಸಿ ಬಾಟಲಿಗೆ ತುಂಬುವ ಕೆಲಸ. ಒಂದು ಸಲಕ್ಕೆ ಒಂದು ಕಪಾಟಿನಷ್ಟೇ. ಅದಕ್ಕಿಂತ ಹೆಚ್ಚು ಮಾಡಿದರೆ ಕೈ ತಪ್ಪುತ್ತದೆ ಎಂದು, ಅವಳನ್ನು ಸಾಕಿ ಈ ಕೆಲಸ ಕಲಿಸಿದ ದೊಡ್ಡಮ್ಮ ಹೇಳಿಕೊಟ್ಟಿದ್ದಳು.

ಮುಚ್ಚಳ ಬಿಗಿದ ಮೇಲೂ ಬಾಟಲಿಯೊಳಗಿನ ಜೀವ ಸುಮ್ಮನಿರುವುದಿಲ್ಲ. ಹಣ್ಣಿನ ಸಿಹಿ ತಿಂದು ಗ್ಯಾಸು ಬಿಡುತ್ತದೆ. ಕುಡಿಯುವಾಗ ನಾಲಿಗೆಯ ಮೇಲೆ ಚುರುಗುಟ್ಟುವುದು ಅದೇ. ಹದವಾದೊಡನೆ ತಂಪಿಗೆ ಸೇರಿಸಿದರೆ ಅಲ್ಲಿಗೇ ಮಲಗುತ್ತದೆ. ತಂಪು ಹೋಯಿತೋ, ಮತ್ತೆ ಎದ್ದು ಕೂರುತ್ತದೆ. ಗಾಜು ತಡೆಯುವಷ್ಟು ತಡೆದು ಆಮೇಲೆ ಒಡೆಯುತ್ತದೆ.

ರಿಪೇರಿಯವನು ಉಪಕರಣಗಳ ಚೀಲ ಹೆಗಲಿಗೇರಿಸಿ ಹಿಂಬಾಗಿಲಿಗೆ ಬಂದಾಗ ತಂಪುಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಒಬ್ಬ ಹೆಂಗಸು ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು, ಆ ಸೆಕೆಯಲ್ಲಿ ಗಂಡಸರ ದಪ್ಪ ಕೋಟು ತೊಟ್ಟು, ಒಂದೊಂದೇ ಬಾಟಲಿಯ ಮುಚ್ಚಳ ಸಡಿಲಿಸಿ ಗ್ಯಾಸು ಬಿಡುತ್ತಿದ್ದಳು.

ಅವನು ಒಂದು ಕ್ಷಣ ನೋಡಿ, "ಗಾಡಿ ಎಲ್ಲಿಗೆ ಹೊರಟಿದೆ?" ಎಂದ.

"ಅಲ್ಲೇ ನಿಲ್ಲಿ," ಹೆಲ್ಮೆಟ್ಟಿನೊಳಗಿಂದ ದನಿ ಬಂತು. "ಒಳಗೆ ಬರ್ಬೇಡಿ. ಯಾವ ಬಾಟಲಿ ಯಾವಾಗ ಒಡೆಯತ್ತೋ ಗೊತ್ತಿಲ್ಲ."

"ಮಿಷನ್ನು ಒಳಗಿದೆ. ನಾನು ಹೊರಗೆ ನಿಂತು ಮಂತ್ರ ಹೇಳ್ಲಾ?"

ಅವನು ಒಳಗೆ ಬಂದೇಬಿಟ್ಟ. ಮೂಲೆಯಲ್ಲಿ ಮಂಡಿಯೂರಿ ಕಂಪ್ರೆಸರಿನ ತಗಡು ಬಿಚ್ಚತೊಡಗಿದ. ಅಷ್ಟರಲ್ಲಿ ಮೇಲಿನ ಸಾಲಿನಿಂದ ಸಣ್ಣಗೆ ಶಿಳ್ಳೆಯಂಥ ಸದ್ದು ಕೇಳಿಸಿತು. ಆ ಸದ್ದು ಏನೆಂದು ಅವಳಿಗೆ ಗೊತ್ತಿತ್ತು. ಕೈಗೆ ಸಿಕ್ಕ ಒದ್ದೆ ಗೋಣಿಯನ್ನು ಎಳೆದು ಅವನ ತಲೆಯ ಮೇಲೆ ಹಾಕಿ, ತಾನೂ ಅದರಡಿ ಕುಕ್ಕರಿಸಿದಳು.

ಢಬ್ ಎಂದಿತು. ಗಾಜಿನ ಚೂರು ಗೋಣಿಗೆ ಬಡಿದು ಉದುರಿತು. ದಾಳಿಂಬೆಯ ಕೆಂಪು ನೀರು ಗೋಡೆಯಿಂದ ಇಳಿಯತೊಡಗಿತು.

ಗೋಣಿಯೊಳಗೆ ಕತ್ತಲೆ. ಅವನ ಉಸಿರು ಹೆಲ್ಮೆಟ್ಟಿನ ಗಾಜಿನ ಮೇಲೆ ಮಂಜಾಗಿ ಕೂತಿತು. ಇಬ್ಬರೂ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ.

'ಈ ಮನುಷ್ಯ ಹೆದರಿ ಓಡಿಹೋಗ್ತಾನೆ ಈಗ...' ಎಂದುಕೊಂಡಳು ಅವಳು.

"ಇನ್ನೊಂದು ಹೆಲ್ಮೆಟ್ ಇದೆಯಾ?" ಎಂದು ಕೇಳಿದ ಅವನು.

ಮಧ್ಯಾಹ್ನದ ಹೊತ್ತಿಗೆ ಕಂಪ್ರೆಸರು ಗುರುಗುಟ್ಟಿತು. ಕೈ ಒರೆಸಿಕೊಳ್ಳುತ್ತ ಅವನು, "ಇಷ್ಟೊಂದು ಅಪಾಯದ ಸಾಮಾನು ಇದು ಅಂತ ಗೊತ್ತಿರ್ಲಿಲ್ಲ," ಎಂದ.

"ಅಪಾಯ ಏನಿಲ್ಲ. ಬಿಸಿ ಏರಬಾರದು ಅಷ್ಟೇ. ಬಿಸಿ ಏರಿದ್ರೆ ಎಲ್ಲಾ ಹೋಯ್ತು ಅಂತಾನೇ ಲೆಕ್ಕ. ತಂಪಲ್ಲಿದ್ರೆ ಬದುಕ್ತು."

ಆ ಮಾತನ್ನು ಅವಳು ಬಾಟಲಿಗಳ ಬಗ್ಗೆ ಹೇಳಿದ್ದಳು. ಹೊರಗಿನ ಕಪಾಟಿನ ಮೇಲೆ ಸಾಲಾಗಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ ಜಾಡಿಗಳ ಬಗ್ಗೆ ಅಲ್ಲ. ಅವನಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ತಿಳಿಸಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ.

---

ಅವನು ಆ ಭಾಗದಲ್ಲೆಲ್ಲ ಫ್ರಿಜ್ಜು, ಐಸ್ ಪೆಟ್ಟಿಗೆ ರಿಪೇರಿ ಮಾಡುವವನು. ತಂಪಣ್ಣ ಎಂದೇ ಎಲ್ಲರೂ ಕರೆಯುತ್ತಿದ್ದರು. ಮುಂದಿನ ಗುರುವಾರ ಕಂಪ್ರೆಸರು ಹೇಗಿದೆ ನೋಡೋಣವೆಂದು ಬಂದ. ಅದರ ಮುಂದಿನ ಗುರುವಾರವೂ ಬಂದ. ಕಂಪ್ರೆಸರು ಚೆನ್ನಾಗಿಯೇ ಇತ್ತು.

"ನಮ್ಮ ಮಿಷನ್ನಿಗೇನೂ ಕಾಯಿಲೆ ಇಲ್ಲ," ಎಂದಳು ಅತ್ತಿಗೆ. "ಮೆಕ್ಯಾನಿಕ್ಕಿಗೇ ಏನೋ ಆಗಿದೆ."

ಅತ್ತಿಗೆ ಅಂದರೆ ಹುಳಿಯಕ್ಕನ ಅಣ್ಣನ ಹೆಂಡತಿ. ಅಣ್ಣ ದೂರದ ಲಾರಿ ಓಡಿಸುವವನು, ಮನೆಗೆ ಬರುವುದು ಅಪರೂಪ. ಬಾಟಲಿಗಳನ್ನು ಕಾಫಿ ಅಂಗಡಿಗಳಿಗೆ ಹಾಕಿ ಬರುವುದು, ಫೋನಿನಲ್ಲಿ ಮಾತಾಡುವುದು, ನಾದಿನಿಯನ್ನು ರೇಗಿಸುವುದು, ಮೂರೂ ಅತ್ತಿಗೆಯ ಕೆಲಸ.

"ಬೀದಿಗೆಲ್ಲ ಅವನು ತಂಪಣ್ಣ. ನೀನೊಬ್ಬಳೇ 'ರೀ' ಅಂತೀಯ. ಯಾಕೇ?"

"ಹೆಸರು ಹಿಡಿದು ಕರೆಯೋಷ್ಟು ಪರಿಚಯ ಇಲ್ಲ."

"ಅಣ್ಣ ಅನ್ನೋಷ್ಟು ಪರಿಚಯಾನೂ ಇಲ್ಲ ಅನ್ನು. ಸರಿ, ಅರ್ಥ ಆಯ್ತು."

ಹುಳಿಯಕ್ಕನಿಗೆ ಮದುವೆಯ ವಯಸ್ಸು ದಾಟಿದೆ ಎಂದು ಊರು ಮಾತಾಡಿ ಸುಸ್ತಾಗಿತ್ತು. ನೋಡಲು ಬಂದವರು ಮೊದಲು ಮೂಗು ಹಿಡಿದುಕೊಂಡವರು. ಮನೆಯ ತುಂಬ ಹುಳಿ ವಾಸನೆ, ಹುಡುಗಿಯ ಕೈಯಲ್ಲೂ ಅದೇ ವಾಸನೆ ಎಂದು ಎದ್ದುಹೋದವರು. ಅವಳು ಅತ್ತಿರಲಿಲ್ಲ. ಕೈಗಳನ್ನು ಮಾತ್ರ ಸೆರಗಿನಡಿ ಇಟ್ಟುಕೊಳ್ಳುವುದು ಅಭ್ಯಾಸವಾಗಿತ್ತು.

ತಂಪಣ್ಣ ಮೊದಲ ಸಲ ಶುಂಠಿಯ ಲೋಟ ಹಿಡಿದಾಗ ಮುಖ ಕಿವುಚಿದ. ಎರಡನೆಯ ಸಲ ಲೋಟ ಖಾಲಿ ಮಾಡಿದ. ಮೂರನೆಯ ಗುರುವಾರ ತಾನೇ ಕೇಳಿ ಪಡೆದ.

"ವಾಸನೆ ಆಗಲ್ವಾ ನಿಮಗೆ?" ಎಂದು ಅವಳು ಕೇಳಿದಳು.

"ಆಗತ್ತೆ. ನನ್ನ ಗ್ರೀಸು ವಾಸನೆ ನಿಮಗೆ?"

"ಆಗತ್ತೆ."

"ಹಂಗಾದ್ರೆ ಸಮ ಆಯ್ತಲ್ಲ."

ಅವಳು ನಕ್ಕಳು. ಆವತ್ತು ಕೈಗಳು ಸೆರಗಿನಡಿ ಇರಲಿಲ್ಲ ಎನ್ನುವುದನ್ನು ಅವಳು ಅವನು ಹೋದ ಮೇಲೆ ಗಮನಿಸಿದಳು.

---

ಬೇಸಿಗೆ ಮುಗಿಯುವ ಹೊತ್ತಿಗೆ ದೊಡ್ಡಮ್ಮನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಸ್ಪತ್ರೆ ದೂರ. ಕೆಲವು ದಿನ ಅಲ್ಲೇ ಇರಬೇಕು ಎಂದರು. ಹುಳಿಯಕ್ಕ, ಅತ್ತಿಗೆ ಇಬ್ಬರೂ ಜೊತೆಗೆ ಹೊರಟರು. ತಂಪುಕೋಣೆಯ ಬಾಗಿಲಿನ ರಬ್ಬರು ಸವೆದಿತ್ತು, ಅದನ್ನು ಬದಲಿಸಲೆಂದು ಹುಳಿಯಕ್ಕ ಹಿಂಬಾಗಿಲ ಕೀಲಿಯನ್ನು ತಂಪಣ್ಣನ ಕೈಗೆ ಕೊಟ್ಟಳು. ದೊಡ್ಡಮ್ಮ, ಅತ್ತಿಗೆ ಬಿಟ್ಟರೆ ಆ ಕೋಣೆಯ ಕೀಲಿ ಬೇರೆಯವರ ಕೈ ಸೇರಿದ್ದು ಅದೇ ಮೊದಲು.

ಅವರು ಹೋದ ಎರಡನೆಯ ದಿನ ಬಿಸಿಲು ಎಂದಿಲ್ಲದಂತೆ ಏರಿತು. ಅವನು ರಬ್ಬರು ಹಾಕಲು ಬಂದು ಬಾಗಿಲು ತೆರೆದರೆ ಕೋಣೆ ಒಲೆಯಂತಿತ್ತು. ಜಾಡಿಗಳಲ್ಲಿ ನೊರೆ ಎದ್ದಿತ್ತು. ಒಂದೆರಡರಲ್ಲಿ ಬಟ್ಟೆಯೂ ಉಬ್ಬಿದಂತೆ ಕಂಡಿತು. ಅವನು ಫೋನು ಮಾಡಿದ. ಆಸ್ಪತ್ರೆಯಲ್ಲಿ ಇಬ್ಬರ ಫೋನೂ ಬಂದ್ ಆಗಿತ್ತು.

'ಬಿಸಿ ಏರಿದ್ರೆ ಎಲ್ಲಾ ಹೋಯ್ತು... ತಂಪಲ್ಲಿದ್ರೆ ಬದುಕ್ತು.'

ಅವಳೇ ಹೇಳಿದ ಮಾತು. ಅವನು ಅಂಗಿಯ ತೋಳು ಮಡಿಸಿದ. ಒಂದೊಂದೇ ಜಾಡಿಯನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು ತಂಪುಕೋಣೆಗೆ ಸಾಗಿಸಿದ. ಒಂದು ಹನಿ ಚೆಲ್ಲಲಿಲ್ಲ. ಕಪಾಟಿನ ಕೊನೆಯಲ್ಲಿದ್ದ ಹಳೆಯ ಜಾಡಿಯನ್ನೂ ಬಿಡಲಿಲ್ಲ. ಬಾಗಿಲು ಹಾಕಿ, ತಂಪನ್ನು ಇನ್ನಷ್ಟು ಇಳಿಸಿ, ನೆಮ್ಮದಿಯಿಂದ ಮನೆಗೆ ಹೋದ.

ಅವರು ಹಿಂತಿರುಗಿದ ದಿನ ಅವನು ಬಾಗಿಲಲ್ಲೇ ಕಾಯುತ್ತಿದ್ದ. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವನ ಸಂಕೋಚವಿತ್ತು. ಅತ್ತಿಗೆ ದೊಡ್ಡಮ್ಮನನ್ನು ಒಳಗೆ ಮಲಗಿಸಲು ಹೋದಳು. ಹುಳಿಯಕ್ಕ ಹಿಂದಿನ ಕೋಣೆಗೆ ಕಾಲಿಟ್ಟು ನಿಂತಳು.

ಕಪಾಟು ಖಾಲಿ.

"ಗಾಬರಿ ಆಗ್ಬೇಡಿ," ಎಂದ ಅವನು. "ಎಲ್ಲಾ ತಂಪಲ್ಲಿವೆ. ಒಂದೂ ಕೆಟ್ಟಿಲ್ಲ."

ಅವಳು ತಂಪುಕೋಣೆಯ ಬಾಗಿಲು ತೆರೆದಳು. ಹೊಸ ರಬ್ಬರು ಚುಯ್ ಎಂದಿತು. ಜಾಡಿಗಳು ಬೆವರಿಕೊಂಡು ಸಾಲಾಗಿ ನಿಂತಿದ್ದವು. ಮೇಲೆ ತೇಲಬೇಕಾದ ಕೆನೆ ಒಂದರಲ್ಲಿ ಓರೆಯಾಗಿತ್ತು, ಇನ್ನೊಂದರಲ್ಲಿ ತಳ ಸೇರಿತ್ತು.

ಆ ಕೆನೆಯೇ ಕೊಂಬುಚಾದ ತಾಯಿ. ಅಡಿಯಲ್ಲಿರುವ ಹಳೆಯ ಹುಳಿನೀರೇ ಹೆಪ್ಪು. ಹಾಲಿಗೆ ಹೆಪ್ಪು ಹಾಕಿದಂತೆ, ಆರಿದ ಸಿಹಿ ಚಹಾಕ್ಕೆ ಇದನ್ನು ಹಾಕಿ, ಗಾಳಿಯಾಡುವಂತೆ ಬಟ್ಟೆ ಕಟ್ಟಿ, ಹದವಾದ ಬೆಚ್ಚನೆಯಲ್ಲಿ ಅಲುಗಿಸದೆ ಬಿಡಬೇಕು. ದಿನಗಳು ಕಳೆದಂತೆ ಮೇಲೆ ತೆಳ್ಳಗೆ ಹೊಸ ಕೆನೆ ಕಟ್ಟುತ್ತದೆ, ಅಡಿಯಲ್ಲಿ ಸಿಹಿ ಹುಳಿಯಾಗುತ್ತದೆ. ಶೀತಕ್ಕೆ ಹಾಕಿದರೆ ಅದರ ಕಸುವೆಲ್ಲ ಮಲಗಿಬಿಡುತ್ತದೆ. ದೊಡ್ಡಮ್ಮ ತಾನು ಮದುಮಗಳಾಗಿ ಬಂದ ಕಾಲದಿಂದ ಕಾದುಕೊಂಡು ಬಂದ ಹೆಪ್ಪು ಅದು. 'ನಿನ್ನ ಕೈಗೆ ಕೊಟ್ಟಿದ್ದೀನಿ, ಆದ್ರೆ ಇದು ನಂದೇ, ನೆನಪಿರಲಿ' ಎಂದು ನಗುತ್ತ ಕೊಟ್ಟಿದ್ದಳು.

"ಯಾರು ಹೇಳಿದ್ದು ಮುಟ್ಟೋಕೆ?" ಅವಳ ದನಿ ಏರಲಿಲ್ಲ.

"ಬಿಸಿ ಬಹಳ ಇತ್ತು. ನೊರೆ ಬರ್ತಿತ್ತು. ನಾನು..."

"ನೊರೆ ಬರ್ಬೇಕು. ಅದು ಉಸಿರಾಡೋದೇ ಹಂಗೆ. ಇದು ಬಾಟಲಿ ಅಲ್ಲ ರೀ, ಬೆಳೀತಿರೋ ಜೀವ. ನೀವು ಅದನ್ನ ಮರಗಟ್ಟಿಸಿಟ್ಟಿದ್ದೀರ."

ಅವನ ಮುಖದ ಬಣ್ಣ ಇಳಿಯಿತು. "ಸರಿ ಮಾಡೋಕಾಗಲ್ವಾ?"

"ನಿಮಗೆ ಗೊತ್ತಿರೋ ಕೆಲಸ ಒಂದೇ. ಸಿಕ್ಕಿದ್ದನ್ನೆಲ್ಲ ತಣ್ಣಗೆ ಮಾಡೋದು. ಹೋಗಿ, ದಯವಿಟ್ಟು."

ಅವನು ಕಿಟಕಿಯ ಕಟ್ಟೆಯ ಮೇಲೆ ಕೀಲಿ ಇಟ್ಟು ಹೊರಟುಹೋದ.

'ಒಬ್ಬರನ್ನ ನಂಬಿದೆ... ಒಬ್ಬರನ್ನೇ...' ಎಂದುಕೊಂಡು ಅವಳು ಜಾಡಿಯ ತಣ್ಣನೆಯ ಗಾಜಿಗೆ ಹಣೆ ಒತ್ತಿದಳು.

---

ಆ ವಾರವೇ ಮಳೆ ಹಿಡಿಯಿತು. ಸೆಕೆ ಹೋಗಿ ನೆಲವೆಲ್ಲ ಥಂಡಿ. ಅವಳು ಹೊಸದಾಗಿ ಚಹಾ ಕಾಯಿಸಿ, ಆರಿಸಿ, ಆ ಹೆಪ್ಪನ್ನೇ ಹಾಕಿಟ್ಟಳು. ಬೇರೆ ದಾರಿ ಇರಲಿಲ್ಲ. ಆದರೆ ಮಲಗಿದ ಹೆಪ್ಪು ಎದ್ದೇಳಲು ಕೋಣೆಯಲ್ಲಿ ಬೆಚ್ಚನೆ ಇಲ್ಲ. ಚಹಾ ಸಿಹಿಯಾಗಿಯೇ ಉಳಿಯಿತು. ಹುಳಿಯಿಲ್ಲದ ಸಿಹಿಗೆ ಕಾವಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಎತ್ತಿದರೆ ಮೇಲೆ ಹಸಿರು-ಬಿಳಿಯ ಬೂಷ್ಟು, ತುಪ್ಪಳದ ಹಾಗೆ.

ಬೂಷ್ಟು ಬಂದುದನ್ನು ತೆಗೆದು ಬಳಸುವ ಹಾಗಿಲ್ಲ. ಅವಳು ಒಂದೊಂದೇ ಜಾಡಿಯನ್ನು ಚೆಲ್ಲಿ, ಕುದಿನೀರಿನಲ್ಲಿ ತೊಳೆದು ಬೋರಲು ಹಾಕಿದಳು. ಕೊನೆಗೆ ಉಳಿದದ್ದು ಒಂದೇ. ಹಳೆಯ ಕೆನೆಗಳು ಒಂದರ ಮೇಲೊಂದು ಕೂತಿದ್ದ, ಮುಂದಿನ ಬಿತ್ತನೆಗೆಂದು ಕಾದಿಟ್ಟ ಹೆಪ್ಪಿನ ಜಾಡಿ. ಬಹಳ ಹುಳಿಯಾಗಿದ್ದರಿಂದ ಅದಕ್ಕೆ ಬೂಷ್ಟು ಹತ್ತಿರಲಿಲ್ಲ. ಆದರೆ ಅದೂ ಕದಲದೆ ಮಲಗಿತ್ತು. ಅದನ್ನೂ ಹೊಸ ಚಹಾಕ್ಕೆ ಹಾಕಿ ಕಳೆದುಕೊಂಡರೆ ಅಲ್ಲಿಗೆ ಮುಗಿಯಿತು.

ಕಾಫಿ ಅಂಗಡಿಯವರು ಫೋನು ಮಾಡಿದರೆ ಅತ್ತಿಗೆ, "ದೇವರು ಕಣ್ಣು ಬಿಟ್ಟ ಕೂಡ್ಲೇ ಕಳಿಸ್ತೀವಿ," ಎನ್ನುತ್ತಿದ್ದಳು. ದೊಡ್ಡಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ. ಅವಳು ದಿನಾ ಸಂಜೆ ಕುಡಿಯುವ ಗುಟುಕಿಗೆ ತಂಪುಕೋಣೆಯಲ್ಲಿದ್ದ ಹಳೆಯ ಬಾಟಲಿಗಳು ಇನ್ನೂ ಸ್ವಲ್ಪ ಇದ್ದವು.

ಆ ಹೊತ್ತಿನಲ್ಲಿ ಒಂದು ದಿನ, ಜಿಟಿಜಿಟಿ ಮಳೆಯಲ್ಲಿ, ಅವನು ತಳ್ಳುಗಾಡಿ ನೂಕಿಕೊಂಡು ಬಂದ. ಗಾಡಿಯ ಮೇಲೆ ಪ್ಲಾಸ್ಟಿಕ್ಕು ಹೊದಿಸಿದ ಒಂದು ಹಳೆಯ ಫ್ರಿಜ್ಜು.

ಹುಳಿಯಕ್ಕ ಬಾಗಿಲಿಗೆ ಬಂದಳು. ಫ್ರಿಜ್ಜನ್ನು ನೋಡಿದಳು. ಅವನನ್ನು ನೋಡಿದಳು.

"ಇನ್ನೇನು ಬಾಕಿ ಇತ್ತು? ಈಗ ನಮ್ಮನ್ನೂ ಒಳಗಿಡ್ತೀರಾ?"

"ಒಂದ್ಸಲ ಬಾಗಿಲು ತೆಗೆದು ನೋಡಿ."

"ಫ್ರಿಜ್ಜು ನೋಡಿದ್ದೀನಿ ರೀ ನಾನು. ಅದರೊಳಗೆ ಏನಾಗತ್ತೆ ಅನ್ನೋದೂ ನೋಡಿದ್ದೀನಿ."

"ಇದು ಹಂಗಲ್ಲ..."

"ವಾಪಸ್ ತಗೊಂಡು ಹೋಗಿ."

ಅವನು ಏನೋ ಹೇಳಲು ಬಾಯಿ ತೆರೆದ. ಎದುರು ಮನೆಯ ಕಿಟಕಿಯಲ್ಲಿ ಎರಡು ತಲೆಗಳು ಕಾಣಿಸಿಕೊಂಡವು. ಅವನು ಬಾಯಿ ಮುಚ್ಚಿ ಗಾಡಿ ತಿರುಗಿಸಿದ. ಬೀದಿಯ ತಿರುವಿನಲ್ಲಿ ನಿಂತು, ಜಾರಿದ ಪ್ಲಾಸ್ಟಿಕ್ಕನ್ನು ಎಳೆದು ಫ್ರಿಜ್ಜಿಗೆ ಹೊದಿಸಿದ. ತಾನು ನೆನೆಯುತ್ತಲೇ ಇದ್ದ.

ಒಳಗೆ ಮಲಗಿದ್ದ ದೊಡ್ಡಮ್ಮ ಕರೆದಳು. "ಯಾರೇ ಅದು?"

"ಯಾರೂ ಇಲ್ಲ ದೊಡ್ಡಮ್ಮ."

"ಯಾರೂ ಇಲ್ಲದವರ ಹತ್ರ ಅಷ್ಟು ಹೊತ್ತು ಜಗಳ ಆಡಿದ್ಯಾ? ಬಾ ಇಲ್ಲಿ."

ಇನ್ನು ಮುಚ್ಚಿಡಲು ಆಗಲಿಲ್ಲ. ಅವಳು ಮಂಚದ ಅಂಚಿಗೆ ಕೂತು ಎಲ್ಲವನ್ನೂ ಹೇಳಿದಳು. ಆಸ್ಪತ್ರೆಯ ದಿನ, ಖಾಲಿ ಕಪಾಟು, ಬೂಷ್ಟು, ಉಳಿದ ಒಂದು ಜಾಡಿ. ಕೊನೆಗೆ, "ನಿನ್ನದನ್ನ ಕಾಪಾಡ್ಲಿಲ್ಲ ನಾನು," ಎಂದಳು.

ದೊಡ್ಡಮ್ಮ ಮಂಚದ ಮೇಲೆ ಎದ್ದು ಕೂತಳು.

"ಮೂಸಿ ನೋಡಿದ್ಯಾ ಆ ಜಾಡೀನ?"

"ಹುಳಿ ಇದೆ."

"ಹುಳಿ ಇದ್ರೆ ಜೀವ ಇದೆ. ಬೆಚ್ಚಗಿಡು."

"ಎಲ್ಲಿದೆ ದೊಡ್ಡಮ್ಮ ಬೆಚ್ಚಗೆ? ಒಲೆ ಪಕ್ಕ ಇಟ್ರೆ ಒಂದು ಹೊತ್ತು ಸುಡತ್ತೆ, ಒಂದು ಹೊತ್ತು ಆರತ್ತೆ."

"ಅದಿರಲಿ. ತಂಪಲ್ಲಿಟ್ರೆ ಬದುಕತ್ತೆ ಅಂತ ಅವನಿಗೆ ಯಾರು ಹೇಳಿದ್ದು?"

ಹುಳಿಯಕ್ಕ ತಲೆ ತಗ್ಗಿಸಿದಳು. ಹೆಲ್ಮೆಟ್ಟು, ಗೋಣಿ, ಆ ಸೆಕೆ ಎಲ್ಲ ಕಣ್ಣ ಮುಂದೆ ಬಂತು. "ನಾನೇ..."

"ಕಣ್ಣಿಗೆ ಪಟ್ಟಿ ಕಟ್ಟಿರೋದು ನನಗೆ," ಎಂದಳು ದೊಡ್ಡಮ್ಮ. "ಕಾಣದಿರೋದು ನಿನಗೆ."

ಅತ್ತಿಗೆ ಅಷ್ಟರಲ್ಲಿ ಕೊಡೆ ಬಿಡಿಸಿಕೊಂಡು ಹೊರಟಿದ್ದಳು.

"ಎಲ್ಲಿಗೆ ಅತ್ತಿಗೆ?"

"ಅವನ ಅಂಗಡಿಗೆ. ನಿನ್ನ ಪರವಾಗಿ ಎರಡು ಮಾತಾಡ್ತೀನಿ. ಇಲ್ಲಾ ನಿನ್ನ ವಿರುದ್ಧ. ದಾರೀಲಿ ತೀರ್ಮಾನ ಮಾಡ್ತೀನಿ."

ಸಂಜೆಯಾಗುವ ಮೊದಲೇ ಅವಳು ಮರಳಿದಳು. ಕೊಡೆ ಮಡಚುವುದನ್ನೂ ಮರೆತು ಬಾಗಿಲಲ್ಲೇ ನಿಂತು ಹೇಳಿದಳು.

"ಲೇ... ಆ ಫ್ರಿಜ್ಜು ಬೆಚ್ಚಗಿದೆ."

"ಏನು?"

"ಕೈ ಇಟ್ಟು ನೋಡಿ ಬಂದೆ. ಒಳಗಿನ ಮಿಷನ್ನೆಲ್ಲ ಕಿತ್ತು ಹಾಕಿದ್ದಾನೆ. ಬದಲಿಗೆ ಒಂದು ಬಲ್ಬು. ಬಿಸಿ ಜಾಸ್ತಿ ಆದ್ರೆ ತಾನೇ ಆರತ್ತೆ, ಕಡಿಮೆ ಆದ್ರೆ ತಾನೇ ಹತ್ತತ್ತೆ. ಉಸಿರಾಡೋಕೆ ಮೇಲೊಂದು ತೂತು. ಬರೀ ನೀರಿನ ಜಾಡಿ ಇಟ್ಟು ಪರೀಕ್ಷೆ ಮಾಡ್ತಾ ಕೂತಿದ್ದಾನೆ, ಮಹಾರಾಯ."

ಹುಳಿಯಕ್ಕ ಎದ್ದುನಿಂತಳು. ಕೆನ್ನೆ ಉರಿಯುತ್ತಿತ್ತು. ಬೀದಿಯ ಎದುರು ತಾನು ಆಡಿದ ಒಂದೊಂದು ಮಾತೂ ತಿರುಗಿ ಕಿವಿಗೆ ಬಡಿಯಿತು.

---

ಮರುದಿನ ಬೆಳಿಗ್ಗೆ ಅವಳು ಹೆಪ್ಪಿನ ಜಾಡಿಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಪಕ್ಕದ ಮುದುಕ ಬಗ್ಗಿ ನೋಡಿ, "ಮೀನೇನಮ್ಮಾ?" ಎಂದ.

"ಅಲ್ಲ. ದೊಡ್ಡಮ್ಮಂದು."

ಮುದುಕ ಇನ್ನೇನೂ ಕೇಳದೆ ಕಿಟಕಿಯತ್ತ ಸರಿದು ಕೂತ.

ಅವನ ಅಂಗಡಿಯಲ್ಲಿ ಬಾಗಿಲು ತೆರೆದ ಫ್ರಿಜ್ಜುಗಳು ಗೋಡೆಯುದ್ದಕ್ಕೂ ನಿಂತಿದ್ದವು. ಅವನು ನೆಲದಲ್ಲಿ ಕೂತು ತಂತಿ ಸುತ್ತುತ್ತಿದ್ದ. ಅವಳನ್ನು ಕಂಡು ಏಳಲು ಹೋಗಿ ತಲೆಯನ್ನು ಒಂದು ಬಾಗಿಲಿಗೆ ತಾಗಿಸಿಕೊಂಡ.

"ಆವತ್ತು ನಾನೇ ಹೇಳಿದ್ದು," ಎಂದಳು ಅವಳು ನಿಂತಲ್ಲೇ. "ತಂಪಲ್ಲಿದ್ರೆ ಬದುಕತ್ತೆ ಅಂತ. ನೀವು ನಾನು ಹೇಳಿದ್ದನ್ನೇ ಮಾಡಿದ್ರಿ. ನಿನ್ನೆ ಬಾಗಿಲು ತೆಗೆದೂ ನೋಡದೆ ಕಳಿಸಿದೆ. ತಪ್ಪಾಯ್ತು."

"ನಾನೂ ಕೇಳಬೇಕಿತ್ತು."

"ಫೋನ್ ಮಾಡಿದ್ರಂತೆ."

"ಹೂಂ. ಸಿಗ್ಲಿಲ್ಲ. ಕಾಯಬೇಕಿತ್ತು. ಕಾಯೋಕೆ ಭಯ ಆಯ್ತು. ನಿಮ್ಮದು ನನ್ನ ಕೈಯಲ್ಲಿ ಕೆಡಬಾರದು ಅಂತ."

ಅವಳು ಜಾಡಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅವನು ಮೂಲೆಯ ಫ್ರಿಜ್ಜಿನ ಬಾಗಿಲು ತೆರೆದ. ಬೆಚ್ಚನೆಯ ಗಾಳಿ ಅವಳ ಮುಖಕ್ಕೆ ತಾಗಿತು. ಹದವಾದ ಬೆಚ್ಚನೆ, ಜ್ವರ ಬಿಟ್ಟ ಹಣೆಯಷ್ಟು. ಒಳಗೆ ಸಣ್ಣ ಬಲ್ಬು ಮೌನವಾಗಿ ಉರಿಯುತ್ತಿತ್ತು.

"ಶೀತ ಹೊರಗೆ ಹೋಗದ ಹಾಗೆ ಕಟ್ಟಿರೋ ಗೋಡೆ ಇದು," ಎಂದ ಅವನು. "ಬಿಸೀನೂ ಹೋಗಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದ್ರೂ ನನಗೆ ಹೊಳೆದಿರ್ಲಿಲ್ಲ."

ಅವನ ಒಲೆಯ ಮೇಲೆಯೇ ಅವಳು ಚಹಾ ಕಾಯಿಸಿದಳು. ಸಕ್ಕರೆ ಕರಗಿಸಿದಳು. ಅದು ಆರಬೇಕು, ಬಿಸಿಯಲ್ಲಿ ಹೆಪ್ಪು ಹಾಕಿದರೆ ಸತ್ತೇ ಹೋಗುತ್ತದೆ. ಇಬ್ಬರೂ ಪಾತ್ರೆಯ ಎರಡು ಬದಿಗೆ ಸ್ಟೂಲು ಹಾಕಿ ಕೂತರು. ಹೊರಗೆ ಮಳೆ ಸಣ್ಣಗೆ ಹನಿಯುತ್ತಿತ್ತು.

"ಐಸ್ ಹಾಕಿದ್ರೆ ಬೇಗ ಆರತ್ತೆ," ಎಂದ ಅವನು.

ಅವಳು ಅವನನ್ನು ಒಂದು ನೋಟ ನೋಡಿದಳು.

"ಇಲ್ಲ, ಇಲ್ಲ. ಸುಮ್ಮನೆ ಹೇಳಿದೆ. ಕಾಯ್ತೀನಿ."

ಕಾದರು. ಅವಳು ಆಗಾಗ ಪಾತ್ರೆಯ ಹೊರಮೈಗೆ ಮುಂಗೈ ಇಟ್ಟು ನೋಡುತ್ತಿದ್ದಳು. ಒಮ್ಮೆ ಅವನೂ ಇಟ್ಟ. ಬೆರಳುಗಳು ಒಂದರ ಪಕ್ಕ ಒಂದು ಬಂದವು. ಇಬ್ಬರೂ ತೆಗೆಯಲಿಲ್ಲ.

"ಗುರುವಾರ ನಾನು ಬರ್ತಿದ್ದದ್ದು..." ಎಂದು ಅವನು ಶುರುಮಾಡಿದ. "ಕಂಪ್ರೆಸರಿಗೆ ಏನೂ ಆಗಿರ್ಲಿಲ್ಲ."

"ಗೊತ್ತು."

"ಗೊತ್ತಿತ್ತಾ?"

"ಅತ್ತಿಗೆಗೂ ಗೊತ್ತಿತ್ತು. ಎದುರು ಮನೆಯವರಿಗೂ ಗೊತ್ತಿತ್ತು. ಕಂಪ್ರೆಸರಿಗೂ ಗೊತ್ತಿತ್ತು ಅನ್ಸತ್ತೆ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, "ಈ ಎರಡು ಗುರುವಾರ ಬಹಳ ಉದ್ದ ಆಯ್ತು," ಎಂದ.

'ನನಗೂ...' ಎಂದುಕೊಂಡಳು ಅವಳು. ಬಾಯಲ್ಲಿ ಬಂದದ್ದು, "ಆರಿದೆ ನೋಡಿ," ಎಂದು ಮಾತ್ರ.

ಚಹಾವನ್ನು ಅವನ ಖಾಲಿ ಜಾಡಿಗೆ ಹೊಯ್ದು, ತಾನು ತಂದ ಹೆಪ್ಪಿನಲ್ಲಿ ಅರ್ಧವನ್ನು ಅದಕ್ಕೆ ಸುರಿದಳು. ಹಳೆಯ ಕೆನೆಯ ಒಂದು ಪದರವನ್ನು ಎರಡು ಕೈಯಲ್ಲಿ ಎತ್ತಿ ಮೆಲ್ಲಗೆ ಇಳಿಬಿಟ್ಟಳು. ಬಟ್ಟೆ ಕಟ್ಟಿದಳು. ಅವನು ಜಾಡಿಯನ್ನು ಬೆಚ್ಚನೆಯೊಳಗಿಟ್ಟು ಬಾಗಿಲು ಹಾಕಿದ. ಉಳಿದರ್ಧವನ್ನು ಅವಳು ಟವೆಲಿನಲ್ಲಿ ಮತ್ತೆ ಸುತ್ತಿಕೊಂಡಳು.

"ಇದು ದೊಡ್ಡಮ್ಮನ ಹೆಪ್ಪು. ಕೆನೆ ಕಟ್ಟೋವರೆಗೂ ಅಲುಗಿಸಬೇಡಿ. ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು ನೋಡಬೇಡಿ. ಬದುಕಿದ್ರೆ ತಂದುಕೊಡಿ."

"ಬದುಕದಿದ್ರೆ?"

ಅವಳು ಬಾಗಿಲ ಬಳಿ ತಿರುಗಿ ನಿಂತಳು. ಮಳೆಯತ್ತ ನೋಡುತ್ತ ಹೇಳಿದಳು.

"ಬದುಕದಿದ್ರೂ ಬನ್ನಿ."

---

ಕಾಯುವುದೆಂದರೆ 'ಆಗಲಿ' ಎಂದು ದೇವರ ಕೈಗೆ ಬಿಟ್ಟು ನಮ್ಮ ಕೈಯನ್ನು ದೂರ ಇಟ್ಟುಕೊಳ್ಳುವುದು. ಹುಳಿಯಕ್ಕನಿಗೆ ಜಾಡಿಗಳ ವಿಷಯದಲ್ಲಿ ಅದು ರೂಢಿಯಾಗಿತ್ತು. ಮನಸ್ಸಿನ ವಿಷಯದಲ್ಲಿ ಆಗಿರಲಿಲ್ಲ. ಅವಳು ಖಾಲಿ ಕಪಾಟು ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. ದೊಡ್ಡಮ್ಮನ ಕಣ್ಣಿನ ಪಟ್ಟಿ ಬಿಚ್ಚಿದರು. ಮಳೆ ಬಿಡುವು ಕೊಟ್ಟಿತು.

ಗುರುವಾರ ಕಳೆಯಿತು. ಅವನು ಬರಲಿಲ್ಲ.

'ಸತ್ತಿದೆ... ಹೇಳೋಕೆ ಮುಖ ಇಲ್ಲ ಅವರಿಗೆ...'

"ಹೋಗಿ ನೋಡ್ಕೊಂಡು ಬರ್ಲಾ?" ಎಂದಳು ಅತ್ತಿಗೆ.

"ಬೇಡ. ಅಲುಗಿಸಬೇಡಿ ಅಂದವಳೇ ನಾನು."

ಅದರ ಮುಂದಿನ ಗುರುವಾರ, ಎಳೆಬಿಸಿಲಿನಲ್ಲಿ, ಹಿಂಬಾಗಿಲಿಗೆ ನೆರಳು ಬಿತ್ತು. ಅವನು ತನ್ನ ಕೋಟು ಬಿಚ್ಚಿ ಏನನ್ನೋ ಸುತ್ತಿ ಎದೆಗೆ ಹಿಡಿದಿದ್ದ. ಪ್ಯಾಂಟಿನ ತುದಿಯೆಲ್ಲ ಕೆಸರು.

"ಬಸ್ಸು ಸಿಗ್ಲಿಲ್ವಾ?"

"ಸಿಕ್ತು. ಹತ್ತಲಿಲ್ಲ. ರಸ್ತೆ ತುಂಬ ಗುಂಡಿ. ನಡೆದೇ ಬಂದೆ."

ಅಷ್ಟು ದೂರ. ಅವಳು ಅವನ ಕಾಲುಗಳನ್ನು ನೋಡಿದಳು. ಕೋಟಿನ ಒಂದು ತುದಿ ಸರಿಸಿ ಬಟ್ಟೆ ಎತ್ತಿದಳು. ಚಹಾ ಜೇನಿನ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಆ ಪರಿಚಯದ ಹುಳಿ. ಮೇಲೆ ಅಂಚಿನಿಂದ ಅಂಚಿಗೆ ಹೊಸ ಕೆನೆ, ಬಿಳಿಯದು, ನಯವಾದದ್ದು, ಒಂದು ಬಿರುಕಿಲ್ಲದ್ದು.

ಅವಳು ಕಣ್ಣಿಂದ ಇಳಿದದ್ದನ್ನು ಹೆಗಲಿಗೆ ಒರೆಸಿಕೊಂಡಳು.

"ಹೋದ ವಾರ ತೆಳ್ಳಗಿತ್ತು," ಎಂದ ಅವನು. "ಇನ್ನೂ ಸ್ವಲ್ಪ ಗಟ್ಟಿಯಾಗಲಿ ಅಂತ ಬಿಟ್ಟೆ. ನಿಮಗೆ ಏನನ್ಸತ್ತೋ ಅಂತ ಭಯಾನೂ ಇತ್ತು. ಆದ್ರೂ ಕಾದೆ."

"ಬಾಗಿಲು ಎಷ್ಟು ಸಲ ತೆಗೆದ್ರಿ?"

"ಹೇಳಿದ್ರೆ ಬೈತೀರ."

"ಬೈತೀನಿ."

"ಹಂಗಾದ್ರೆ ಮದುವೆ ಆದ್ಮೇಲೆ ಹೇಳ್ತೀನಿ."

ಒಳಗೆಲ್ಲೋ ಅತ್ತಿಗೆಯ ಕೈಯಿಂದ ಒಂದು ತಟ್ಟೆ ಜಾರಿ ಬಿದ್ದ ಸದ್ದಾಯಿತು. 

ಹುಳಿಯಕ್ಕ ತನ್ನ ಹುಳಿ ವಾಸನೆಯ ಕೈಗಳನ್ನು ಅವನ ಕೈಗಳ ಮೇಲೆ, ಜಾಡಿಯ ಸುತ್ತ ಇಟ್ಟಳು.

"ನನ್ನನ್ನ ತಣ್ಣಗಿಟ್ಟು ಕಾಪಾಡೋಕಾಗಲ್ಲ," ಎಂದಳು ಮೆಲ್ಲಗೆ. "ನಾನು ನೊರೆ ಬರೋ ಪೈಕಿ."

"ನೋಡಿದ್ದೀನಿ. ಬೀದಿ ಎದುರಿಗೇ ನೋಡಿದ್ದೀನಿ."

"ಆಮೇಲೂ ಬೇಕಾ?"

"ಆಮೇಲೇ ಜಾಸ್ತಿ ಬೇಕು ಅನ್ನಿಸ್ತು."

ಅವಳು ನಕ್ಕು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಜಾಡಿಗಾಗಿ ಕಪಾಟು ಸಿದ್ಧವಿತ್ತು. ಅವನು ಅಲ್ಲಿಡಲಿಲ್ಲ. ಚಪ್ಪಲಿ ಕಳಚಿ ಒಳಗೆ ನಡೆದು, ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ ದೊಡ್ಡಮ್ಮನ ಮುಂದೆ ಮಂಡಿಯೂರಿದ. ಕೋಟು ಬಿಡಿಸಿ ಜಾಡಿಯನ್ನು ಅವಳ ಮಡಿಲಲ್ಲಿಟ್ಟು, ಅವಳ ಎರಡು ಕೈಗಳನ್ನೂ ತಂದು ಅದರ ಸುತ್ತ ಸೇರಿಸಿದ. ಗಾಜು ಇನ್ನೂ ಬೆಚ್ಚಗಿತ್ತು.

"ನಿಮ್ಮದು," ಎಂದ.